ಹುಡುಗರಿಗೆ ಆಸಕ್ತಿಯಿಲ್ಲ ಎನ್ನುವ ಹ್ಯಾಮ್ ಹಿರಿಯರಿಗೆ



ಕಳೆದ ತಿಂಗಳು ಪುಣೆಯಿಂದ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಎರಡು ತಾಸು ಕುಳಿತಿದ್ದ. ಈಗ ದೊಡ್ಡ ಇಂಜಿನಿಯರ್. ಹವ್ಯಾಸಿ ರೇಡಿಯೋ ಪರವಾನಗಿ ಪಡೆದು ಹದಿನೈದು ವರ್ಷಗಳಾಗಿವೆ. ಹೊರಡುವಾಗ ನಿಟ್ಟುಸಿರು ಬಿಟ್ಟು, "ಈಗಿನ ಹುಡುಗರಿಗೆ ಇದೆಲ್ಲ ಎಲ್ಲಿ ಬೇಕ್ರಿ ಸರ್? ಕೈಯಾಗ ಮೊಬೈಲ್ ಒಂದಿದ್ರ ಮುಗೀತು. ಹ್ಯಾಮ್ ಅನ್ನೂದು ನಮ್ಮ ತಲಿಗೇ ಮುಗೀತದ ನೋಡ್ರಿ" ಎಂದ. ಮನೆಗೆ ಬಂದವನೊಡನೆ ವಾದಕ್ಕಿಳಿಯಬಾರದೆಂದು ಅಂದು ಸುಮ್ಮನಾದೆ. ಆದರೆ ಈ ಮಾತನ್ನು ನಾನು ಅವನೊಬ್ಬನಿಂದ ಕೇಳಿದ್ದಲ್ಲ. ಪರವಾನಗಿಯುಳ್ಳ ಹಿರಿಯರು ಎಲ್ಲಿ ಸಿಕ್ಕರೂ ಇದೇ ರಾಗ. ಈ ರಾಗ ಸುಳ್ಳು ಎಂದು ಹೇಳುವುದಕ್ಕಾಗಿಯೇ ಇಂದು ಬರೆಯಲು ಕುಳಿತಿದ್ದೇನೆ.

ನಾನು ಹ್ಯಾಮ್ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ವರ್ಗವಾಗುತ್ತ, ಮೂರು ದಶಕಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸಿದ ಮಾಸ್ತರ, ಅಷ್ಟೆ. ಮುದ್ದೇಬಿಹಾಳದಲ್ಲಿದ್ದಾಗ ತಂತಿ ಗುಮಾಸ್ತರೊಬ್ಬರ ಸ್ನೇಹದಿಂದ ಮೋರ್ಸ್ ಸಂಕೇತದ ಕಟ್ಟು-ಕಡ ಕಲಿತಿದ್ದೆ. ಗೊತ್ತಿಲ್ಲದ ಬಂಧುಗಳಿಗಾಗಿ ಒಂದು ಮಾತು: ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ತನ್ನದೇ ಕರೆಸಂಕೇತ ಪಡೆದು, ಲಾಭದ ಉದ್ದೇಶವಿಲ್ಲದೆ ತನ್ನ ಪ್ರೇಷಕದಿಂದ ಲೋಕದ ಇತರ ಹವ್ಯಾಸಿಗಳೊಡನೆ ಮಾತನಾಡುವವನು. ನಡುವೆ ಕಂಪನಿಯಿಲ್ಲ, ಗೋಪುರವಿಲ್ಲ, ತಿಂಗಳ ಬಿಲ್ಲೂ ಇಲ್ಲ.

ಆಸಕ್ತಿಯ ಮಾತಿಗೆ ಬರೋಣ. ತೊಂಬತ್ತರ ದಶಕದಲ್ಲಿ ಸಿಂದಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಹಳೆಯ ರೇಡಿಯೋಗಳ ಎಲುಬು-ಚರ್ಮ ಸುಲಿದು ಹೊಸದೊಂದನ್ನು ಜೋಡಿಸುವಷ್ಟು ಕೈಚಳಕ. ಬೇವಿನ ಮರಕ್ಕೆ ತಂತಿ ಕಟ್ಟಿ ರಾತ್ರಿಯೆಲ್ಲ ಕಿರುತರಂಗ ಆಲಿಸುತ್ತಿದ್ದ. ಹ್ಯಾಮ್ ವಿಷಯ ಹೇಳಿದೆ. ಹುಡುಗ ಹುಚ್ಚನಂತಾದ. ಅರ್ಜಿ ತರಿಸಿ, ತುಂಬಿ, ನಾನೇ ಅಂಚೆಗೆ ಹಾಕಿದೆ. ಬಹಳ ತಿಂಗಳುಗಳ ಮೇಲೆ ಬಂದದ್ದು ಪರೀಕ್ಷೆಯ ಕರೆಯಲ್ಲ, ವಿಚಾರಣೆಗೆಂದು ಮನೆ ಬಾಗಿಲಿಗೆ ಒಬ್ಬ ಪೊಲೀಸ್ ಪೇದೆ. ಊರ ಜನ ನೆರೆದರು. ಹುಡುಗನ ತಂದೆ, ಹೊಲದಲ್ಲಿ ದುಡಿಯುವ ಸಜ್ಜನ, ಅಂದೇ ಸಂಜೆ ಶಾಲೆಗೆ ಬಂದು ಕೈಮುಗಿದು, "ಮಾಸ್ತರ, ನಮ್ಮ ಹುಡುಗನ್ನ ಯಾತಕ್ಕ ಇದರಾಗ ಸಿಗಿಸಿದ್ರಿ?" ಎಂದು ಕೇಳಿದರು. ಅರ್ಜಿ ಹಿಂದಕ್ಕೆ ಪಡೆದೆವು. ಮರದ ತಂತಿಯನ್ನೂ ಅವರು ಬಿಚ್ಚಿಸಿದರು. ಆ ಹುಡುಗನ ಕೈಯಲ್ಲಿ ಆಗ ಮೊಬೈಲ್ ಇರಲಿಲ್ಲ, ಅದು ಆತ ಕೇಳಿಯೂ ಇರದ ವಸ್ತು. ಹಾಗಾದರೆ ಅವನ ಆಸಕ್ತಿಯನ್ನು ಕೊಂದದ್ದು ಯಾವುದು?

ಭದ್ರತೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ತನ್ನ ಹೆಸರು, ತಂದೆಯ ಹೆಸರು, ಊರು, ಭಾವಚಿತ್ರ ಎಲ್ಲ ಕೊಟ್ಟು "ನನಗೆ ಅನುಮತಿ ಕೊಡಿ" ಎಂದು ಕೈಯೊಡ್ಡುವವನನ್ನು ಮೊದಲು ಶಂಕಿಸುವುದು ಎಲ್ಲಿಯ ಜಾಣತನ? ಕೇಡು ಬಗೆಯುವವನು ಪರವಾನಗಿ ಕೇಳಿ ಸರದಿಯಲ್ಲಿ ನಿಲ್ಲುವುದಿಲ್ಲ. ಅನುಮೋದನೆಯಿಲ್ಲದ ವಾಕಿ-ಟಾಕಿಗಳು ಅಂತರ್ಜಾಲದ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದು, 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆ ಮಾರಾಟಗಾರರಿಗೆ ನೋಟಿಸು ಕೊಡಬೇಕಾಯಿತು. ನಿಯಮ ಪಾಲಿಸುವ ಹುಡುಗ ಕಾಯುತ್ತಾನೆ, ಪಾಲಿಸದವನು ಕೊಂಡು ಮಾತನಾಡುತ್ತಾನೆ.

ಈಗ ಅರ್ಜಿ 'ಸರಳ ಸಂಚಾರ' ಜಾಲತಾಣದಲ್ಲಿ ಸಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಶುಲ್ಕವೂ ಹೊರೆಯಲ್ಲ. ನಿಯಮಗಳ ತಿದ್ದುಪಡಿಯಾದಾಗ 20 ವರ್ಷಕ್ಕೆ 1000 ರೂಪಾಯಿ, ಜೀವಮಾನಕ್ಕೆ 2000 ರೂಪಾಯಿ ಎಂದು ನಿಗದಿಯಾಯಿತು. ಹನ್ನೆರಡು ವರ್ಷ ತುಂಬಿದ ಮಗು ಪರೀಕ್ಷೆಗೆ ಕೂಡಬಹುದು. ಆದರೆ ಆ ಮಗುವಿನ ಕಾಲಮಾನವನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೆ? ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಅರ್ಹತೆ, ಹತ್ತನೆಯ ತರಗತಿಯಲ್ಲಿ ಎಸ್.ಎಸ್.ಎಲ್.ಸಿ. ಭೂತ. ನಡುವೆ ಉಳಿಯುವುದು ಎರಡು-ಮೂರು ವರ್ಷ. ಇದರಲ್ಲಿ ಪರೀಕ್ಷೆಗೆ, ಪರವಾನಗಿಗೆ ಕಾಯುವುದರಲ್ಲೇ ಒಂದು ವರ್ಷ ಕಳೆದರೆ ಹುಡುಗನ ಬಾಲ್ಯದ ಆಸಕ್ತಿ ಕಚೇರಿಯ ಕಡತದಲ್ಲಿಯೇ ಒಣಗುತ್ತದೆ. ನಲವತ್ತು ವರ್ಷದವನಿಗೆ ಒಂದು ವರ್ಷ ಏನೂ ಅಲ್ಲ, ಹದಿಮೂರರವನಿಗೆ ಅದು ಒಂದು ಯುಗ.

ಇನ್ನು ಭಾಷೆ. ಓಮನ ನಿಯಮವನ್ನೂ ಧಾರಕದ ಕೆಲಸವನ್ನೂ ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುತ್ತಾರೆ. ಪರೀಕ್ಷೆಯ ಪ್ರಶ್ನೆಗಳು ಮಾತ್ರ ಇಂಗ್ಲಿಷಿನಲ್ಲಿ. ವಿಜ್ಞಾನ ಬಲ್ಲ ಹುಡುಗಿ ಪ್ರಶ್ನೆ ಅರ್ಥವಾಗದೆ ಸೋಲುತ್ತಾಳೆ. ಪಂಡಿತರ ಭಾಷೆಯನ್ನು ಬದಿಗಿರಿಸಿ ಮಡಿವಾಳ, ಅಂಬಿಗ, ಮಾದಾರರೊಡನೆ ಕನ್ನಡದಲ್ಲಿ ಅನುಭಾವದ ಚರ್ಚೆ ನಡೆಸಿದ ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ. ಅದೇ ಬಾಗೇವಾಡಿಯ ಮಗುವಿಗೆ ಒಂದು ಧಾರಕದ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಇಂದಿಗೂ ನಮ್ಮಿಂದಾಗಿಲ್ಲ!

ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನನ್ನ ನಿಜವಾದ ಜಗಳ ಹ್ಯಾಮ್ ಹಿರಿಯರೊಡನೆಯೇ. ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ಕಟ್ಟಳೆಯನ್ನು 2003ರ ಜಿನೀವಾ ಸಮ್ಮೇಳನ ತೆಗೆದುಹಾಕಿತು. ನಮ್ಮ ದೇಶವೂ ನಿರ್ಬಂಧಿತ ಶ್ರೇಣಿಗೆ ಮೋರ್ಸ್ ಬೇಡವೆಂದಿತು. ಆ ಶ್ರೇಣಿಯವರಿಗೂ 50 ವ್ಯಾಟ್‌ವರೆಗೆ ಕಿರುತರಂಗದಲ್ಲಿ ಮಾತನಾಡುವ ಅವಕಾಶ ಸಿಕ್ಕಿತು. ಆದರೂ 'ವಿಯು3' ಎಂದು ಆರಂಭವಾಗುವ ಸಂಕೇತ ಕೇಳಿದೊಡನೆ ಕೆಲವು 'ವಿಯು2' ಹಿರಿಯರ ಧ್ವನಿಯಲ್ಲಿ ಒಂದು ತಾತ್ಸಾರ ಇಣುಕುತ್ತದೆಂದು ಹೊಸಬರು ನನ್ನಲ್ಲಿ ಹೇಳಿಕೊಂಡಿದ್ದಾರೆ. ಮೋರ್ಸ್ ಎಂದರೆ ನನಗೆ ಇಂದಿಗೂ ಪ್ರೀತಿ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಮನೆಯವರು ನಗುವಷ್ಟು ಮರುಗಿದವನು ನಾನು. ಹಾಗೆಂದು ಅಮರಕೋಶ ಬಾಯಿಪಾಠವಾಗದೆ ಓಂಕಾರವನ್ನೂ ತಿದ್ದಿಸುವುದಿಲ್ಲ ಎನ್ನುವ ಹಳೆಯ ಶಾಸ್ತ್ರಿಗಳಂತೆ ಕೂತರೆ ಶಾಲೆ ತುಂಬುತ್ತದೆಯೆ?

ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರು ಇಂಜಿನಿಯರ್ ಅಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಬಾಗಿಲು ತೆರೆದಿದ್ದರೆ ಒಳಗೆ ಬರುವವರು ಎಂಥೆಂಥವರೋ!

ನಮ್ಮ ಶಾಲೆಗಳೂ ನಿರಪರಾಧಿಗಳಲ್ಲ, ಅವುಗಳಲ್ಲಿ ದುಡಿದ ನಾನೂ ಅಲ್ಲ. 2005ರ ಮೇ 5ರಂದು ಇಸ್ರೋ ಹವ್ಯಾಸಿಗಳಿಗೆಂದೇ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ರೂಪಿಸಿದವನು ನೆದರ್‌ಲೆಂಡ್ಸಿನ ಒಬ್ಬ ವಿದ್ಯಾರ್ಥಿ. 2014ರವರೆಗೆ ಅದು ನಮ್ಮ ತಲೆಯ ಮೇಲೆ ಕೆಲಸ ಮಾಡುತ್ತಿತ್ತು. ಈ ನಾಲ್ಕು ತಾಲೂಕುಗಳಲ್ಲಿ, ನಾನು ಬಲ್ಲಂತೆ, ಒಂದು ಶಾಲೆಯೂ ಅದರತ್ತ ಆಂಟೆನಾ ತಿರುಗಿಸಲಿಲ್ಲ. 2025ರ ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಡನೆ ಮಾತನಾಡಿದ್ದು ಹ್ಯಾಮ್ ರೇಡಿಯೋ ಮೂಲಕವೇ. ಆ ನಿಲ್ದಾಣ ಇಂಡಿಯ ಆಕಾಶವನ್ನೂ ಹಾಯುತ್ತದೆ. ಅಲ್ಲಿಯ ಹವ್ಯಾಸಿ ಪ್ರೇಷಕದ ಧ್ವನಿ ಬರುವುದು 145.800 ಮೆಗಾಹರ್ಟ್ಸ್‌ನಲ್ಲಿ. ಶಾಲೆಗೆ ಕೂಡ, ಪರವಾನಗಿಯುಳ್ಳ ಒಬ್ಬರ ಹೊಣೆಗಾರಿಕೆಯಲ್ಲಿ, ಕೇಂದ್ರ ನಡೆಸಲು ನಿಯಮದಲ್ಲಿ ಅವಕಾಶವಿದೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕೆ 20 ಲಕ್ಷದವರೆಗೆ ಅನುದಾನವುಂಟು. ಸಾಮಾನು ಕೆಟ್ಟೀತೆಂದು ಅದಕ್ಕೆ ಬೀಗ ಹಾಕಿಟ್ಟ ಮುಖ್ಯೋಪಾಧ್ಯಾಯರನ್ನು ನಾನು ಬಲ್ಲೆ. ಸ್ಕೌಟ್ ಮಕ್ಕಳಿಗಾಗಿ 1950ರ ದಶಕದಿಂದ ಪ್ರತಿ ಅಕ್ಟೋಬರಿನಲ್ಲಿ 'ಆಕಾಶದ ಜಂಬೂರಿ' ನಡೆಯುತ್ತದೆ, ಜಗತ್ತಿನ ಸ್ಕೌಟರು ಹ್ಯಾಮ್ ಕೇಂದ್ರಗಳಿಂದ ಪರಸ್ಪರ ಮಾತನಾಡುತ್ತಾರೆ. ನಮ್ಮ ಸ್ಕೌಟ್ ಮಕ್ಕಳು ಅಂದು ಆವರಣದ ಕಸ ಗುಡಿಸುತ್ತಿರುತ್ತಾರೆ.

"ಮೊಬೈಲ್ ಇರುವಾಗ ಇದೆಲ್ಲ ಏಕೆ?" ಎನ್ನುವ ಬಂಧುಗಳಿಗೆ 2020ರ ಅಕ್ಟೋಬರನ್ನು ನೆನಪಿಸುತ್ತೇನೆ. ಭೀಮೆ ಉಕ್ಕಿ ಇಂಡಿ, ಸಿಂದಗಿ ತಾಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ನಮ್ಮ ಬೀಗರ ಊರಿನೊಡನೆ ಒಂದೂವರೆ ದಿನ ಮಾತಿರಲಿಲ್ಲ. ವಿದ್ಯುತ್ ಹೋಯಿತು, ಗೋಪುರದ ಬ್ಯಾಟರಿ ತೀರಿತು, ಎಲ್ಲರ ಕೈಯಲ್ಲಿಯೂ ಮೊಬೈಲ್ ಇತ್ತು. ಆ ಒಂದೂವರೆ ದಿನ ನನ್ನ ತಂಗಿ ಅನ್ನ ಮುಟ್ಟಲಿಲ್ಲ. 2001ರ ಭುಜ್ ಭೂಕಂಪದಲ್ಲಿ ಹ್ಯಾಮ್‌ಗಳು ಸುದ್ದಿ ಸಾಗಿಸಿದರು. 2004ರ ಡಿಸೆಂಬರಿನಲ್ಲಿ ಹವ್ಯಾಸಕ್ಕಾಗಿಯೇ ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ಸುನಾಮಿಯ ನಂತರ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಒಂದು ಕಾರಿನ ಬ್ಯಾಟರಿ, ಒಂದು ರೇಡಿಯೋ, ನಲವತ್ತು ಮೀಟರ್ ಬ್ಯಾಂಡಿಗಾದರೆ ಇಪ್ಪತ್ತು ಮೀಟರ್ ತಾಮ್ರದ ತಂತಿ. ಬೇಕಾದದ್ದು ಇಷ್ಟೇ. ಜೊತೆಗೆ ಅದನ್ನು ನಡೆಸಬಲ್ಲ ಒಬ್ಬ ಮನುಷ್ಯ. ಭೀಮಾ ದಂಡೆಯಲ್ಲಿ ಇಲ್ಲದೆ ಹೋದದ್ದು ಆ ಮನುಷ್ಯ. ತೊಂಬತ್ತರ ದಶಕದಲ್ಲಿ ಅವನೊಬ್ಬನಿದ್ದ, ಬೇವಿನ ಮರಕ್ಕೆ ತಂತಿ ಕಟ್ಟಿಕೊಂಡು.

ಕಿರುತರಂಗದ ಹೊಸ ರೇಡಿಯೋ ದುಬಾರಿ ಎಂಬುದು ನಿಜ. ಆದರೆ ನಿಮ್ಮಲ್ಲಿ ಎಷ್ಟು ಜನರ ಅಟ್ಟದ ಮೇಲೆ ಹಳೆಯ ಪ್ರೇಷಕಗಳು ಧೂಳು ತಿನ್ನುತ್ತಿಲ್ಲ? ಕೇವಲ ಕೇಳುವುದಕ್ಕಾದರೆ ಅದೂ ಬೇಡ: ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿರುಗಿಸಬಹುದು. ನೀವು ಶಪಿಸುವ ಮೊಬೈಲಿನಲ್ಲಿಯೇ ನಮ್ಮ ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿಗೆ ಅದನ್ನು ತೋರಿಸಿದೆ. ಒಂದು ವಾರದಲ್ಲಿ ಆಕೆ 'ಆಲ್ಫಾ, ಬ್ರಾವೋ'ದಿಂದ 'ಜುಲು'ವಿನವರೆಗೆ ಒಪ್ಪಿಸಿ, "ಅಜ್ಜಾ, ನಾ ಕನ್ನಡದಾಗ ಮಾತಾಡಿದ್ರ ಯಾರರ ಉತ್ತರ ಕೊಡ್ತಾರೇನು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪುಣೆಯವನೆ, ನೀನು ಇದನ್ನು ಓದುತ್ತೀಯೆಂದು ಬಲ್ಲೆ. ಅಕ್ಟೋಬರಿನ ಜಂಬೂರಿಯ ಶನಿವಾರ-ರವಿವಾರ ಊರಿಗೆ ಬಾ. ನಿನ್ನ ರೇಡಿಯೋ ತಾ. ಮನೆಯ ಹಿಂದಿನ ಎರಡು ಬೇವಿನ ಮರಗಳ ಅಂತರವನ್ನು ಅಳೆದಿದ್ದೇನೆ, ಇಪ್ಪತ್ತಮೂರು ಮೀಟರ್ ಇದೆ. ಆ ಹುಡುಗಿ, ಅವಳ ಐವರು ಗೆಳತಿಯರು ಹಾಜರಿರುತ್ತಾರೆ. ರೊಟ್ಟಿ, ಎಣ್ಣೆಗಾಯಿ ನಿನ್ನ ಕಾಕೂನ ಜವಾಬ್ದಾರಿ.