ಮಕ್ಕಳ ಸೇವಾಸಂಸ್ಥೆಯ ಕಚೇರಿಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯಲ್ಲಿ ಓದಿ ಹೊರಬಿದ್ದ ಹೆಣ್ಣುಮಕ್ಕಳು ಮುಂದೆ ಏನಾಗಬೇಕೆಂಬ ಪ್ರಶ್ನೆಗೆ ಬಹುಕಾಲದಿಂದ ಎರಡೇ ಉತ್ತರಗಳು ಸಿದ್ಧವಾಗಿರುತ್ತಲಿವೆ: ಒಂದು ಉಪಾಧ್ಯಾಯಿನಿ, ಮತ್ತೊಂದು ದಾದಿ. ಇವೆರಡೂ ಉತ್ತಮವಾದ ಸೇವೆಗಳೆಂಬದರಲ್ಲಿ ನನಗೆ ಸಂಶಯವಿಲ್ಲ. ಮೊದಲನೆಯದರ ಅನ್ನವನ್ನೇ ನಾನೂ ಉಣ್ಣುತ್ತಲಿದ್ದೇನೆ. ಆದರೆ ಈಚಿನ ವರುಷಗಳಲ್ಲಿ ಮೂರನೆಯ ಉದ್ಯೋಗವೊಂದು ನಮ್ಮ ಹುಡುಗಿಯರ ಕಣ್ಣಿಗೆ ಬೀಳತೊಡಗಿದೆ. ಮಕ್ಕಳ ಹಿತಕ್ಕಾಗಿ ನಾನಾ ದೇಶಗಳಲ್ಲಿ ದುಡಿಯುವ ದೊಡ್ಡ ಸಂಸ್ಥೆಗಳು ನಮ್ಮ ದೇಶದ ಪಟ್ಟಣಗಳಲ್ಲಿ ಕಚೇರಿಗಳನ್ನು ಇಟ್ಟುಕೊಂಡಿರುವವಷ್ಟೆ. ಅಲ್ಲಿ ಮುಖ್ಯಾಧಿಕಾರಿಯ ಜೊತೆಯಲ್ಲಿ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಎಂಬ ಹೆಸರಿನಿಂದ ನೇಮಕವಾಗುವ ಕಾರ್ಯಸಹಾಯಕಿಯ ಉದ್ಯೋಗವೇ ಅದು. ಇದರ ವಿಷಯವಾಗಿ ಪಾಲಕರಲ್ಲಿ ಹರಡಿರುವ ಅಭಿಪ್ರಾಯವು ಸರಿಯಾದದ್ದಲ್ಲವೆಂದು ನಾನು ತಿಳಿಯುವದರಿಂದ ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇನೆ.

ಆ ಅಭಿಪ್ರಾಯವನ್ನು ನಮ್ಮ ಸೀಮೆಯ ಮಾತಿನಲ್ಲಿಯೇ ಹೇಳಿಬಿಡುವದು ಒಳ್ಳೆಯದು. ಕಾಲುವೆಯ ಕೆಳಗಿನ ಹಳ್ಳಿಯೊಂದರಿಂದ ಬಂದ ತಂದೆಯೊಬ್ಬರು, “ಅಕ್ಕೋರೆ, ಎಂ.ಕಾಂ. ತನಕ ಓದಿಸಿ ಕಡೀಗೆ ಒಬ್ಬ ಸಾಹೇಬನ ಚೀಲ ಹೊರಾಕ, ಚಹಾ ಕೊಡಾಕ ಕಳಿಸ್ಬೇಕೇನ್ರಿ?” ಎಂದು ನನ್ನನ್ನು ಕೇಳಿದರು. ಅವರ ಹೆಂಡತಿಯು ಮತ್ತೂ ಸೂಕ್ಷ್ಮವಾದ ಮಾತನ್ನಾಡಿದರು: “ಮಕ್ಕಳ ಸೇವೆ ಅಂತೀರಿ, ಆಕಿ ಒಂದು ಕೂಸಿನ ಮುಖಾನೂ ನೋಡಂಗಿಲ್ಲಲ್ರಿ.” ತಂದೆಯ ಆಕ್ಷೇಪಣೆಗೆ ಉತ್ತರ ಕೊಡುವದು ಸುಲಭ. ತಾಯಿಯ ಆಕ್ಷೇಪಣೆಯು ಮಾತ್ರ ಯೋಚಿಸತಕ್ಕದ್ದಾದ ಕಾರಣ ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.

ಮಕ್ಕಳಿಗಾಗಿ ಲೋಕದಲ್ಲೆಲ್ಲ ಕೆಲಸ ಮಾಡುವ ಸಂಸ್ಥೆಗಳಲ್ಲಿ ಹಳೆಯದಾದ ‘ಸೇವ್ ದಿ ಚಿಲ್ಡ್ರನ್’ ಎಂಬದು 1919ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿತು. ಅದನ್ನು ತನ್ನ ತಂಗಿಯಾದ ಡೊರೊತಿ ಬಕ್ಸ್‌ಟನ್ನಳ ಸಂಗಡ ಕಟ್ಟಿದ ಎಗ್ಲಾಂಟೈನ್ ಜೆಬ್ ಎಂಬ ಮಹಿಳೆಯು ಶಿಕ್ಷಕಿಯಾಗಿ ತರಬೇತಾಗಿ, ಕೆಲವು ದಿವಸ ಶಾಲೆಯಲ್ಲಿ ಕಲಿಸಿ, ಮಕ್ಕಳ ನಡುವೆ ನಿಂತು ಪಾಠ ಹೇಳುವದು ತನ್ನ ಕೈಲಾಗುವ ಕೆಲಸವಲ್ಲವೆಂದು ಕಂಡುಕೊಂಡು ಅದನ್ನು ಬಿಟ್ಟವಳು. ಮೊದಲನೆಯ ಮಹಾಯುದ್ಧವು ನಿಂತ ಮೇಲೂ ಶತ್ರುದೇಶಗಳ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. ಅವರ ಚಿತ್ರವುಳ್ಳ ಕರಪತ್ರಗಳನ್ನು ಹಂಚಿದ್ದಕ್ಕಾಗಿ ಆಕೆಯನ್ನು ಹಿಡಿದು 5 ಪೌಂಡು ದಂಡ ಹಾಕಿದರು. ಮೊಕದ್ದಮೆ ನಡಿಸಿದ ಸರಕಾರಿ ವಕೀಲರೇ ಆ 5 ಪೌಂಡನ್ನು ತಮ್ಮ ಜೇಬಿನಿಂದ ಕೊಟ್ಟರೆಂದು ಹೇಳುತ್ತಾರೆ. ಈಕೆಯು ಕೂಸುಗಳನ್ನು ಎತ್ತಿ ಆಡಿಸಿದವಳಲ್ಲ. ಪತ್ರ ಬರೆದಳು, ಸಭೆ ಕೂಡಿಸಿದಳು, ಲೆಕ್ಕವಿಟ್ಟಳು, ಮಂತ್ರಿಗಳ ಬಾಗಿಲು ಕಾದಳು. ಆಕೆಯು ಬರೆದ ಐದು ಚಿಕ್ಕ ಸೂತ್ರಗಳ ಮಕ್ಕಳ ಹಕ್ಕುಪತ್ರವನ್ನು 1924ರಲ್ಲಿ ಜಿನೀವಾದ ರಾಷ್ಟ್ರಸಂಘವು ಅಂಗೀಕರಿಸಿತು. ಅದೇ ವಿಚಾರವು ಬೆಳೆದು 1989ರಲ್ಲಿ ವಿಶ್ವಸಂಸ್ಥೆಯ 54 ವಿಧಿಗಳ ಒಡಂಬಡಿಕೆಯಾಯಿತು. 1992ರಲ್ಲಿ ನಮ್ಮ ದೇಶವೂ ಅದಕ್ಕೆ ಒಪ್ಪಿತು. ಹೀಗಿರಲು, ಮೇಜಿನ ಮುಂದೆ ಕುಳಿತು ಮಾಡಿದ ಕೆಲಸವು ಮಕ್ಕಳ ಸೇವೆಯಲ್ಲವೆಂದು ಹೇಳುವದು ಹೇಗೆ?

ಇನ್ನು ಕಾರ್ಯಸಹಾಯಕಿಯು ಮಾಡುವದೇನು? ಮುಖ್ಯಾಧಿಕಾರಿಯ ದಿನಚರಿಯನ್ನು ನೋಡಿಕೊಳ್ಳುವದು, ಪ್ರವಾಸದ ಟಿಕೇಟು ವೀಸಾಗಳ ಏರ್ಪಾಡು, ಬಂದ ಪತ್ರಗಳಲ್ಲಿ ಯಾವದು ಇಂದೇ ನೋಡತಕ್ಕದ್ದು ಯಾವದು ನಾಳೆ ಎಂದು ಬೇರ್ಪಡಿಸುವದು, ಖರ್ಚಿನ ಚೀಟಿಗಳನ್ನು ಕೂಡಿಸಿಡುವದು, ಇವೆಲ್ಲ ಹೊರಗಿನವರಿಗೆ ಕಾಣುವಂಥವು. ಆದರೆ ನನ್ನ ಎಣಿಕೆಯಲ್ಲಿ ಅದರ ತಿರುಳು ಇರುವದು ನಡಾವಳಿಯಲ್ಲಿ. ಆಡಳಿತ ಮಂಡಳಿಯ ಸಭೆಯಲ್ಲಿ ಹತ್ತು ಮಂದಿ ಹಿರಿಯರು ಕುಳಿತು, ಇಂಥ ಊರಿನ ವಸತಿಗೃಹದ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸತಕ್ಕದ್ದೆಂದು ಗೊತ್ತುಮಾಡುತ್ತಾರೆ. ಎರಡು ತಿಂಗಳಾದ ಮೇಲೆ ಒಬ್ಬರು ‘ಗೊತ್ತುಮಾಡಿದೆವು’ ಎನ್ನುತ್ತಾರೆ, ಮತ್ತೊಬ್ಬರು ‘ಬರೇ ಮಾತಾಡಿದೆವು’ ಎನ್ನುತ್ತಾರೆ, ಮೂರನೆಯವರಿಗೆ ನೆನಪೇ ಇಲ್ಲ. ಮಳೆಯಂತೂ ಯಾರನ್ನೂ ಕೇಳದೆ ಬರುವದು. ಯಾವ ದಿನ, ಏನು ಗೊತ್ತಾಯಿತು, ಯಾರು ಒಪ್ಪಿಕೊಂಡರು, ಎಷ್ಟರೊಳಗೆ ಮುಗಿಯಬೇಕು ಎಂಬ ನಾಲ್ಕು ಸಾಲುಗಳು ಬರೆದಿದ್ದರೆ ಆ ಮಕ್ಕಳು ಒಣ ನೆಲದ ಮೇಲೆ ಮಲಗುತ್ತವೆ. ಸತ್ಯವೇದವನ್ನು ಓದುವವರಿಗೆ ಬಾರೂಕನ ನೆನಪಾಗದಿರದು: ಯೆರೆಮೀಯನು ಹೇಳಿದ್ದನ್ನು ಅವನು ಬರೆದನು, ಅರಸನು ಆ ಸುರುಳಿಯನ್ನು ಕೊಯ್ದು ಬೆಂಕಿಗೆ ಹಾಕಿದರೆ ಅವನು ಪುನಃ ಬರೆದನು.

ದೂರದ ಉದಾಹರಣೆಯೇ ಬೇಕಾಗಿಲ್ಲ. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರು ಕಂಡುಹಿಡಿದ ಶಾಸನದಲ್ಲಿ ಅಶೋಕ ಚಕ್ರವರ್ತಿಯ ಹೆಸರೇ ಸಿಕ್ಕಿತೆಂಬದನ್ನು ನಮ್ಮ ಶಾಲೆಯ ಹುಡುಗಿಯರೆಲ್ಲ ಬಲ್ಲರು; ಪ್ರತಿ ವರುಷವೂ ಪ್ರವಾಸ ಹೋಗಿ ನೋಡಿ ಬಂದಿದ್ದಾರೆ. ಆದರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅದೇ ಅರಸನ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಇದೆಯೆಂಬದು ಎಷ್ಟು ಜನರಿಗೆ ಗೊತ್ತು? ಅವನು ಚಪಡನೆಂಬ ಲಿಪಿಕಾರನು. ಶಾಸನವನ್ನೆಲ್ಲ ಬ್ರಾಹ್ಮೀ ಲಿಪಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ಪದವಿಯನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಲಿಪಿ ಬಲ್ಲವನಾಗಿದ್ದನೆಂದು ಅದರಿಂದ ತಿಳಿಯುವದು. ಅರಸನ ಮಾತು ಆ ಸೀಮೆಯ ಜನರಿಗೆ ಮುಟ್ಟಿದ್ದು ಅವನ ಕೈಯಿಂದ. ಚಪಡನ ಮನೆಯವರೂ ‘ಇವನು ಒಬ್ಬರ ಕೈಕೆಳಗಿನವನು’ ಎಂದು ನೊಂದುಕೊಂಡಿದ್ದರೋ ಏನೋ!

ಹಣದ ಮಾತಿಗೆ ಬರೋಣ. ನಮ್ಮ ನಾಡಿನ ಮಿಷನ್ ಶಾಲೆಗಳಿಗೆ ವಿದೇಶದಿಂದ ಬಂದ ಹಣವೆಲ್ಲ ಶ್ರೀಮಂತರದೆಂದು ಅನೇಕರು ತಿಳಿದಿರುವರು. ಮಂಗಳೂರಿನಲ್ಲಿ 1834ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ನಿನವರು 1855ರಲ್ಲಿ ‘ಅರ್ಧ ಬಾಟ್ಸೆನ್’ ಎಂಬ ವಂತಿಗೆಯನ್ನು ಆರಂಭಿಸಿದರು. ಅಂದರೆ ಬಡವರು ವಾರಕ್ಕೊಂದು ಚಿಲ್ಲರೆ ಕಾಸಿನಷ್ಟನ್ನು ಎತ್ತಿಡುವದು. ಅಂಥ ಕಾಸಿನ ಲೆಕ್ಕವು ತಪ್ಪಿದರೆ ತಪ್ಪುವದು ಯಾರೋ ಮುದುಕಿಯ ನಂಬಿಕೆ. ಈಗ ಇದಕ್ಕೆ ಸರಕಾರದ ಕಟ್ಟುನಿಟ್ಟೂ ಕೂಡಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯು 1976ರಲ್ಲಿ ಬಂದು, 2010ರಲ್ಲಿ ಹೊಸದಾಗಿ ರಚಿತವಾಗಿ, 2020ರಲ್ಲಿ ಮತ್ತಷ್ಟು ಬಿಗಿಯಾಯಿತು. ಅಂಥ ಹಣವು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು ನೂರಕ್ಕೆ 50ರ ವರೆಗೆ ಇದ್ದದ್ದು 20ಕ್ಕೆ ಇಳಿಯಿತು. ಕಚೇರಿಯ ಸಿಬ್ಬಂದಿಯ ಸಂಬಳವು ಸಾಮಾನ್ಯವಾಗಿ ಆ 20ರೊಳಗಿನದೇ. ಆದಕಾರಣ ಇಬ್ಬರು ಮಾಡತಕ್ಕದ್ದನ್ನು ಒಬ್ಬಳೇ ಮಾಡುವ ಪ್ರಸಂಗವು ಬರುವದುಂಟು. ಕಚೇರಿಯ ಖರ್ಚೆಲ್ಲ ದಂಡವೆಂಬ ಮಾತು ಕೇಳಲಿಕ್ಕೆ ಇಂಪಾಗಿದೆ, ಆದರೆ ಲೆಕ್ಕ ಬರೆಯುವವರಿಲ್ಲದ ಧರ್ಮವು ಎಷ್ಟು ದಿನ ಧರ್ಮವಾಗಿ ಉಳಿಯುವದು?

ಇಷ್ಟೆಲ್ಲ ಯಾವ ಊರಿನ ಹುಡುಗಿಯಾದರೂ ಕಲಿತು ಮಾಡಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹುಡುಗಿಯೇ ಅಲ್ಲಿ ಬೇಕೆಂದು ನಾನು ಹೇಳುವದಕ್ಕೆ ಕಾರಣವು ಬೇರೆಯಿದೆ.

ಇಂಥ ಸಂಸ್ಥೆಗಳಲ್ಲಿ ಹಲವು, ದೂರದೇಶದ ದಾನಿಯೊಬ್ಬರನ್ನು ಇಲ್ಲಿಯ ಮಗುವೊಂದಕ್ಕೆ ಜೋಡಿಸುವ ಪದ್ಧತಿಯಿಂದ ನಡೆದುಬಂದಿವೆ. ಜರ್ಮನಿಯಲ್ಲಿ 1959ರಲ್ಲಿ ಹುಟ್ಟಿದ ‘ಕಿಂಡರ್‌ನೋಥಿಲ್ಫೆ’ ಎಂಬ ಕ್ರೈಸ್ತ ಸಂಸ್ಥೆಯು ಮೊದಲು ಕೈಹಿಡಿದದ್ದು ಭಾರತದ ಮಕ್ಕಳನ್ನೇ. ಈ ಪದ್ಧತಿಯಲ್ಲಿ ಮಗುವಿನ ಸಂಗತಿಯನ್ನು ದಾನಿಗೆ ಬರೆದು ತಿಳಿಸಬೇಕಾಗುವದು. ಅಪಾಯವಿರುವದು ಇಲ್ಲಿಯೇ. ಬರೆಯುವವರಿಗೆ ನಮ್ಮ ಸೀಮೆಯು ತಿಳಿಯದಿದ್ದರೆ, ತಂದೆತಾಯಿಗಳು ಗುಳೆ ಹೋಗಿರುವ ಹುಡುಗಿಯು ಇಂಗ್ಲೀಷಿನಲ್ಲಿ ದಿಕ್ಕಿಲ್ಲದ ಅನಾಥೆಯಾಗಿಬಿಡುತ್ತಾಳೆ. ಅವಳು ಅನಾಥೆಯಲ್ಲ. ಅವಳ ತಂದೆಯು ಬೆಂಗಳೂರಿನಲ್ಲಿ ಇನ್ನೊಬ್ಬರ ಮನೆ ಕಟ್ಟುತ್ತಿದ್ದಾನೆ, ಅವಳ ಅಜ್ಜಿಯು ಊರಿನಲ್ಲಿದ್ದಾಳೆ, ಸುಗ್ಗಿಗೆ ಎಲ್ಲರೂ ಕೂಡುತ್ತಾರೆ. ‘ಗುಳೆ’ ಎಂಬ ಎರಡಕ್ಷರದಲ್ಲಿ ಏನೇನಿದೆಯೆಂದು ಬಲ್ಲವಳು ನಮ್ಮ ಹುಡುಗಿ. ಹಾಗೆಯೇ ರಾಯಚೂರು ಕೊಪ್ಪಳ ಜಿಲ್ಲೆಗಳ ಹತ್ತಿಬೀಜದ ಹೊಲಗಳಲ್ಲಿ ಹೂವಿನ ಧೂಳಿಯನ್ನು ಹೂವಿಗೆ ಮುಟ್ಟಿಸುವ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಬಾಲಕಿಯರನ್ನು ಶಾಲೆ ಬಿಡಿಸಿ ಕರೆದೊಯ್ದ ಸಂಗತಿಯನ್ನೂ ಅವಳು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಅವಳ ಪಕ್ಕದ ಮಣೆ ಬರಿದಾಗಿದ್ದದ್ದನ್ನು ಅವಳೇ ಕಂಡಿದ್ದಾಳೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥ ಕಚೇರಿಯಲ್ಲಿ ದುಡಿಯುತ್ತಾಳೆ. ಒಮ್ಮೆ ಮೇಲಿನವರು ಅಚ್ಚಿಗೆ ಕಳಿಸಲಿಕ್ಕೆ ಕೊಟ್ಟ ವರದಿಯಲ್ಲಿ ಕಿರುಕುಳಕ್ಕೆ ಒಳಗಾದ ಬಾಲಕಿಯೊಬ್ಬಳ ಊರು, ಓಣಿ, ಭಾವಚಿತ್ರ ಎಲ್ಲವೂ ಇದ್ದವಂತೆ. ಇವಳು ಅದನ್ನು ಮೇಜಿನ ಮೇಲೆಯೇ ತಡೆದು, ‘ಇದು ಹೋಗತಕ್ಕದ್ದಲ್ಲ’ ಎಂದು ಮುಖ್ಯಾಧಿಕಾರಿಯ ಮುಂದೆ ಹೇಳಿದಳು. ಕಾನೂನು ಅವಳ ಬೆನ್ನಿಗಿತ್ತು: 2012ರ ಪೋಕ್ಸೋ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಇವೆರಡೂ ಅಂಥ ಮಗುವಿನ ಗುರುತನ್ನು ಬಯಲುಮಾಡಬಾರದೆನ್ನುತ್ತವೆ. ಆದರೆ ಕಾನೂನು ಗೊತ್ತಿದ್ದವರು ಆ ಕೋಣೆಯಲ್ಲಿ ಇನ್ನೂ ಕೆಲವರಿದ್ದರು. ನಮ್ಮ ಓಣಿಗಳಲ್ಲಿ ಒಂದು ಹೆಸರು ಹೊರಬಿದ್ದರೆ ಆ ಹುಡುಗಿಯ ಮುಂದಿನ ಬಾಳು ಏನಾಗುವದೆಂದು ಗೊತ್ತಿದ್ದವಳು ಇವಳೊಬ್ಬಳೇ. ಆ ಮಗುವಿನ ಮುಖವನ್ನು ಇವಳು ಕಂಡಿಲ್ಲ, ಕಾಣುವದೂ ಇಲ್ಲ. ಮೇಲೆ ಹೇಳಿದ ತಾಯಿಯವರಿಗೆ ನಾನು ಇದನ್ನೇ ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು.

ತಂದೆಯವರ ಚಹದ ಮಾತು ಉಳಿಯಿತು. ಚಹಾ ಕೊಡುವದು ಕಾರ್ಯಸಹಾಯಕಿಯ ಕೆಲಸವಲ್ಲ, ಸಾಹೇಬರ ಮನೆಯ ಸಾಮಾನು ತರುವದೂ ಅಲ್ಲ. ಇದನ್ನು ನಗುಮುಖದಿಂದಲೇ ಮೊದಲ ವಾರದಲ್ಲಿ ಹೇಳಿಬಿಡಬೇಕು; ಆರು ತಿಂಗಳಾದ ಮೇಲೆ ಹೇಳುವದು ಕಷ್ಟ. ಮಾನದ ಚಿಂತೆಯೂ ಸಹಜವೇ. ಅದಕ್ಕೆ ಮನೆಯಲ್ಲಿ ಕೂಡಿಸುವದು ಪರಿಹಾರವಲ್ಲ, ವಿಚಾರಿಸಿ ಕಳಿಸುವದು ಪರಿಹಾರ. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಹೆಂಗಸರ ದೂರು ಕೇಳುವ ಒಳಸಮಿತಿಯೊಂದು ಇರಲೇಬೇಕೆಂದು 2013ರ ಕಾಯ್ದೆಯಿದೆ. ಅದರಲ್ಲಿ ಯಾರಿದ್ದಾರೆ, ಕೆಲಸದ ಹೊತ್ತೆಷ್ಟು, ರಾತ್ರಿಯ ಸಭೆಯಿದ್ದರೆ ಮನೆ ಮುಟ್ಟಿಸುವವರಾರು ಎಂದು ಪಾಲಕರು ಕೇಳಲಿ. ರಾತ್ರಿಯ ಸಭೆಗಳು ಇದ್ದೇ ಇರುತ್ತವೆ. ಲಂಡನ್ನಿನಲ್ಲಿ ಮಧ್ಯಾಹ್ನವಾದಾಗ ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ಹೀಗೆ ಕೇಳಿದರೆ ಬೇಸರಪಡುವ ಕಚೇರಿಗೆ ಮಗಳನ್ನು ಕಳಿಸದಿರುವದೇ ಲೇಸು.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆನು. ಇದು ಸರಕಾರಿ ನೌಕರಿಯಂತೆ ಭದ್ರವಾದದ್ದಲ್ಲ. ‘ಕಂಪ್ಯಾಷನ್ ಇಂಟರ್‌ನ್ಯಾಷನಲ್’ ಎಂಬ ಕ್ರೈಸ್ತ ಸಂಸ್ಥೆಯು ಲಕ್ಷಕ್ಕೂ ಮೀರಿದ ನಮ್ಮ ದೇಶದ ಮಕ್ಕಳಿಗೆ ನೆರವಾಗುತ್ತಿದ್ದದ್ದು, ವಿದೇಶಿ ಹಣಕ್ಕೆ ಅನುಮತಿ ದೊರೆಯದೆ 2017ರ ಮಾರ್ಚಿಯಲ್ಲಿ ಇಲ್ಲಿಯ ಕಾರ್ಯವನ್ನು ಮುಚ್ಚಿತು. ಅಂಥ ದಿನ ಬಂದರೆ ಬೇರೆ ಕಡೆಗೆ ಹೋಗಬಲ್ಲ ವಿದ್ಯೆಯು ಕೈಯಲ್ಲಿರಬೇಕು. ಲೆಕ್ಕದ ಜ್ಞಾನ, ಕಂಪ್ಯೂಟರು, ತಪ್ಪಿಲ್ಲದ ಇಂಗ್ಲೀಷು ಬೇಕೆಂಬದು ಎಲ್ಲರಿಗೂ ಗೊತ್ತು. ತಪ್ಪಿಲ್ಲದ ಕನ್ನಡವೂ ಬೇಕೆಂಬದನ್ನು ಮಾತ್ರ ನಮ್ಮ ಪಾಲಕರು ಒಪ್ಪುವದಿಲ್ಲ. ಮಗುವು ಬರೆದ ಪತ್ರವನ್ನು ಕನ್ನಡ ಬಾರದವಳು ಯಾವ ಭಾಷೆಗೂ ತಿರುಗಿಸಲಾರಳು. ಎಲ್ಲಕ್ಕಿಂತಲೂ ಮಿಗಿಲಾಗಿ, ಕೇಳಿದ್ದನ್ನು ಹೊರಗೆ ಆಡದ ನಾಲಿಗೆ ಬೇಕು. ವಸತಿಗೃಹದಲ್ಲಿ ಬೆಳೆದ ನಮ್ಮ ಹುಡುಗಿಯರಿಗೆ ಇದನ್ನು ಕಲಿಸುವದು, ನಿಜ ಹೇಳಬೇಕೆಂದರೆ, ಇಂಗ್ಲೀಷು ಕಲಿಸುವದಕ್ಕಿಂತ ಕಠಿಣ.

ಬರುವ ಬೇಸಿಗೆಯ ರಜೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ನಡಾವಳಿ ಬರೆಯುವದನ್ನೂ ಪತ್ರ ತರ್ಜುಮೆ ಮಾಡುವದನ್ನೂ ಹೇಳಿಕೊಡಬೇಕೆಂದು ಯೋಚಿಸಿದ್ದೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥ ಕಚೇರಿಗಳಲ್ಲಿರುವವರು ಎರಡು ದಿನದ ಮಟ್ಟಿಗಾದರೂ ಬಂದು ಕಲಿಸುವದಾದರೆ ವಸತಿಗೃಹದಲ್ಲಿ ಇಳಿದುಕೊಳ್ಳುವ ಏರ್ಪಾಡು ಮಾಡುವೆವು. ಬರುವಾಗ ಹೆಸರುಗಳನ್ನು ಅಳಿಸಿದ ಹಳೆಯ ನಡಾವಳಿಯ ಒಂದೆರಡು ಪ್ರತಿಗಳನ್ನು, ಕಚೇರಿಯವರ ಅಪ್ಪಣೆ ಪಡೆದು, ಜೊತೆಗೆ ತರಬೇಕಾಗಿ ಕೋರುತ್ತೇನೆ.