ತೋಟದವರಿಗೆ ನಡಿಗೆಯ ಬಳಗ ಏಕೆ ಬೇಕು?



“ಬೆಳಗಾದರೆ ತೋಟದ ಏರು ಹತ್ತಿ ಇಳಿಯುವ ನಮಗೆ ನಡಿಗೆಯ ಬಳಗವೇ? ಅದೇನಿದ್ದರೂ ಪೇಟೆಯಲ್ಲಿ ಕುರ್ಚಿಯ ಮೇಲೆ ಕೂತವರಿಗೆ.” ಸಂಘದ ಕಛೇರಿಯ ಜಗುಲಿಯಲ್ಲಿ ಈ ಮಾತು ಈಚೆಗೆ ಹಲವು ಸಲ ಕೇಳಿಬಂದಿದೆ. ಊರೂರಿನ ಕಾಲುದಾರಿ, ಹಳೆಯ ಗುಡಿ, ಕೆರೆ, ಕೋಟೆಗಳನ್ನು ತಂಡವಾಗಿ ನಡೆದು ನೋಡುವ ಬಳಗಗಳು ಈಗ ನಾಡಿನ ಹಲವೆಡೆ ಹುಟ್ಟಿಕೊಂಡಿವೆ. ಅಂಥ ಬಳಗಗಳಿಗೆ ನಮ್ಮ ಸದಸ್ಯರು ಸೇರಬೇಕೆಂದೂ, ಸಂಘವು ಇದಕ್ಕೆ ಒತ್ತಾಸೆಯಾಗಿ ನಿಲ್ಲಬೇಕೆಂದೂ ಆಡಳಿತ ಮಂಡಳಿಯ ಮುಂದೆ ಒಂದು ಸಲಹೆ ಇಟ್ಟಿದ್ದೇವೆ. ಅದಕ್ಕೆ ಬಂದ ಮೊದಲ ಉತ್ತರವೇ ಮೇಲಿನದು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ತುಸು ವಿವರವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.

ಆ ಉತ್ತರದಲ್ಲಿ ಅರ್ಧ ನಿಜವಿದೆ. ಆರೋಗ್ಯಕ್ಕಾಗಿ ನಡೆಯಿರಿ ಎಂದು ಬೆಳೆಗಾರನಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಆದರೆ ನಮ್ಮ ತೋಟದಲ್ಲಿ ನಾವು ನಡೆಯುವುದು ಹೇಗೆ? ಯಾವ ಮರಕ್ಕೆ ಕೊಳೆ ಬಂತು, ಯಾವ ಗಿಡಕ್ಕೆ ಕಾಂಡಕೊರಕ ಹತ್ತಿತು, ದಣಪೆ ಯಾರು ತೆರೆದಿಟ್ಟರು, ಆಳುಗಳು ಎಷ್ಟು ಹೊತ್ತಿಗೆ ಬಂದರು ಎಂದು ನೋಡುತ್ತ ನಡೆಯುತ್ತೇವೆ. ಅದು ಯಜಮಾನನ ನಡಿಗೆ. ಕಣ್ಣು ಸದಾ ಕುಂದನ್ನೇ ಹುಡುಕುತ್ತಿರುತ್ತದೆ. ಇನ್ನೊಬ್ಬರ ಊರಿನಲ್ಲಿ, ಇನ್ನೊಬ್ಬರ ಹೊಲದ ಬದುವಿನ ಮೇಲೆ, ಅವರ ಅನುಮತಿ ಪಡೆದು ನಡೆಯುವುದು ಅತಿಥಿಯ ನಡಿಗೆ. ಮೊದಲನೆಯದು ನಮಗೆ ಚೆನ್ನಾಗಿ ಗೊತ್ತು. ಎರಡನೆಯದರ ಅಭ್ಯಾಸ ತಪ್ಪಿಹೋಗಿದೆ.

ಈ ಅಭ್ಯಾಸ ಎಷ್ಟು ಹಿತವಾದುದೆಂಬುದನ್ನು ನಾವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಂಡೆವು. ಆ ಸೀಮೆಯಲ್ಲಿ ಬೀಗತನವಿರುವ ನಮ್ಮ ಸದಸ್ಯರೊಬ್ಬರ ಮುಖಾಂತರ, ಅಲ್ಲಿಯ ಒಂದು ಸಣ್ಣ ಬಳಗದ ಜೊತೆ 2024ರ ಭಾದ್ರಪದದಲ್ಲಿ ನಾವು ಏಳು ಮಂದಿ ಮೂರು ದಿನ ನಡೆದೆವು. ಬಳಗದಲ್ಲಿ ನಿವೃತ್ತ ಮಾಸ್ತರರು, ಬ್ಯಾಂಕಿನ ನೌಕರರು, ಕಬ್ಬು ಬೆಳೆಯುವ ರೈತರು, ಕಾಲೇಜು ಹುಡುಗಿಯರು ಎಲ್ಲರೂ ಇದ್ದರು. ಕಾಫಿಯಾಗಲಿ ಅಡಿಕೆಯಾಗಲಿ ಆ ಸೀಮೆಯ ಬೆಳೆಯಲ್ಲ. ಹಾಗಿದ್ದೂ ನಾವು ನೋಡಿ ಬಂದದ್ದರಲ್ಲಿ ನಮಗೆ ಸಂಬಂಧಪಡದ ಸಂಗತಿ ಕಡಿಮೆ.

ಮೊದಲ ದಿನ ಗೋಕಾಕದ ಅಬ್ಬಿ. ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟುವ ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಕ್ಕೆ, ಕುದುರೆ ಲಾಳದ ಆಕಾರದ ಬಂಡೆಯ ಅಂಚಿನಿಂದ ಧುಮುಕುತ್ತದೆ. ಕಾರಿನಲ್ಲಿ ಬಂದವರು ಅದನ್ನು ಹತ್ತು ನಿಮಿಷ ನೋಡಿ, ಕರದಂಟು ಕಟ್ಟಿಸಿಕೊಂಡು ಹೊರಡುತ್ತಾರೆ. ನಡೆದವರಿಗೆ ಬೇರೆಯದೂ ಕಾಣುತ್ತದೆ. ಅಬ್ಬಿಯ ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ಅದರ ಬಳಿಯಲ್ಲೇ, ಬೀಳುವ ನೀರಿನ ಬಲವನ್ನು ನಂಬಿ 1887ರಲ್ಲಿ ಆರಂಭವಾದ ನೂಲಿನ ಗಿರಣಿ. ಎರಡು ದಂಡೆಗಳನ್ನು ಕೂಡಿಸುವ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಅಲ್ಲಿಂದ ಕೊಣ್ಣೂರಿನ ಕಡೆ ಗುಡ್ಡದಲ್ಲಿ ಇತಿಹಾಸಕ್ಕೂ ಹಿಂದಿನ ಜನ ಕಲ್ಲು ಚಪ್ಪಡಿ ನಿಲ್ಲಿಸಿ ಮಾಡಿದ ಗೋರಿಗಳು. ಬಂಡೆಯ ಸಂದಿನಲ್ಲಿ ಹೆಣ ಹೂಳಿದವರು, ಗುಡಿ ಕಟ್ಟಿದವರು, ಗಿರಣಿ ಹೂಡಿದವರು ಎಲ್ಲರೂ ಒಂದೇ ನೀರನ್ನು ನೆಚ್ಚಿ ಬಂದವರೆಂಬುದು ಒಂದೇ ಮುಂಜಾನೆಯ ನಡಿಗೆಯಲ್ಲಿ ತಾನಾಗಿ ತಿಳಿಯುತ್ತದೆ.

ಅದೇ ಹೊಳೆ ಮುನಿದರೆ ಏನಾಗುತ್ತದೆಂಬುದನ್ನೂ ಬಳಗದವರು ಮರೆಸಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳೆರಡೂ ಏರಿ ಗೋಕಾಕ ಪಟ್ಟಣಕ್ಕೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ನೀರು ನಿಂತ ಎತ್ತರವನ್ನು ಅವರು ಬೀದಿಯ ಗೋಡೆಗಳ ಮೇಲೆ ಕೈಯಿಟ್ಟು ತೋರಿಸಿದರು. ಘಟ್ಟದ ಮೇಲೆ ಮಳೆ ಹೆಚ್ಚಾದರೆ ನಾವು ಕೊಳೆರೋಗದ ಲೆಕ್ಕ ಹಾಕುತ್ತೇವೆ. ಅದೇ ಮಳೆಗೆ ಬಯಲಿನಲ್ಲಿ ಇನ್ನೊಂದು ಲೆಕ್ಕವಿದೆ.

ಎರಡನೆಯ ದಿನ, ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಕಡೆ. ಕಾಲುವೆಯ ದಂಡೆ, ಬಂಡಿ ದಾರಿ, ಕಬ್ಬು ಗೋವಿನಜೋಳಗಳ ನಡುವಿನ ಬದು ಹಿಡಿದು ಕಲ್ಲೋಳಿಯವರೆಗೆ ನಡೆದೆವು. ಕಲ್ಲೋಳಿಯಲ್ಲಿ ರಟ್ಟ ಅರಸು ನಾಲ್ಕನೆಯ ಕಾರ್ತವೀರ್ಯನ ಕಾಲದ, 13ನೆಯ ಶತಮಾನದ ಆರಂಭದ ದಾನಶಾಸನ ದೊರೆತಿದೆ. ಜೈನ ಬಸದಿಗೆ ಕೊಟ್ಟ ಭೂಮಿಯ ದಾಖಲೆ ಅದು. ಇಂಥ ಶಾಸನಗಳಲ್ಲಿ ಗಡಿ ಹೇಳುವಾಗ ಹಳ್ಳ, ಕಲ್ಲು, ಮರಗಳ ಜೊತೆಗೆ ಹೆದ್ದಾರಿಯನ್ನೂ ಹೆಸರಿಸುವುದು ವಾಡಿಕೆ ಎಂದು ಬಳಗದ ಮಾಸ್ತರರು ವಿವರಿಸಿದರು. ಭೂಮಿ ಕೊಟ್ಟವನಿಗೂ ಪಡೆದವನಿಗೂ ದಾರಿ ಯಾವುದೆಂಬುದು ಗೊತ್ತಿರಬೇಕಿತ್ತು. ದಾರಿಯೂ ಜಮೀನಿನಷ್ಟೇ ಹಳೆಯ ಆಸ್ತಿ. ಆದರೆ ಅದು ಎಲ್ಲರದು.

ಹೊಲಕ್ಕೆ ಇಳಿಯುವ ಮುನ್ನ ಪ್ರತಿಸಲವೂ ಬಳಗದ ಮುಂದಾಳು ಕೂಗಿ ಕೇಳುತ್ತಿದ್ದರು: “ಅಣ್ಣಾರ, ನಿಮ್ಮ ಹೊಲದಾಗಿಂದ ಹಾದು ಹೋಗ್ತೇವ್ರಿ.” ಒಬ್ಬ ರೈತರ ಉತ್ತರವನ್ನು ನಾವು ಹಾಗೆಯೇ ಬರೆದುಕೊಂಡು ಬಂದಿದ್ದೇವೆ: “ಹೋಗ್ರಿ, ಯಾರ್ ಬ್ಯಾಡಂದಾರ? ಬದುವಿನ ಮ್ಯಾಲ ಹೋಗ್ರಿ, ಬೆಳಿ ತುಳೀಬ್ಯಾಡ್ರಿ. ಬರೂ ಮುಂದ ಮನಿಗೆ ಬಂದು ಚಾ ಕುಡದು ಹೋಗ್ರಿ.” ಅನುಮತಿ, ಷರತ್ತು, ಆದರ ಮೂರೂ ನಾಲ್ಕು ಮಾತಿನಲ್ಲಿ ಮುಗಿದವು. ಯಾವ ಬೈಲಾ ಇದಕ್ಕಿಂತ ಚೊಕ್ಕಟವಾಗಿದ್ದೀತು?

ಮೂರನೆಯ ದಿನ ಹುಕ್ಕೇರಿ. ಬಿಜಾಪುರದ ಆದಿಲಶಾಹಿ ಕಾಲದ ಗುಮ್ಮಟಗಳನ್ನು ನೋಡಿ ಹಿಡಕಲ್ ಜಲಾಶಯದ ಕಡೆ ಹೊರಟೆವು. 51 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಇದರ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ, ನೀರು ಬಹಳ ಇಳಿದ ಬೇಸಿಗೆಯಲ್ಲಿ ಮಾತ್ರ ತಲೆಯೆತ್ತಿ ಕಾಣುತ್ತದೆ. ನಾವು ಹೋದಾಗ ಜಲಾಶಯ ತುಂಬಿತ್ತು. ಬಳಗದವರು ಬೆರಳು ಮಾಡಿ ತೋರಿಸಿದ ಕಡೆ ಬರೀ ನೀರು. ಲಿಂಗನಮಕ್ಕಿಯ ಮುಳುಗಡೆಯ ಕಥೆ ಕೇಳಿ ಬೆಳೆದ ನಮ್ಮಲ್ಲಿ ಕೆಲವರು ಅಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಹುಕ್ಕೇರಿಯಲ್ಲಿ ಸಹಕಾರಿಗಳು ನೋಡಲೇಬೇಕಾದದ್ದು ಇನ್ನೊಂದಿದೆ. 1969ರಲ್ಲಿ ನೋಂದಾಯಿತವಾದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಹಳ್ಳಿಗಳಿಗೆ ವಿದ್ಯುತ್ ಹಂಚಲು ದೇಶದಲ್ಲಿ ಮೊದಲು ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಒಂದು. ಕರ್ನಾಟಕದಲ್ಲಿ ಈ ಕೆಲಸ ಮಾಡುವ ಸಹಕಾರಿ ಸಂಘ ಇದೊಂದೇ. ಹೊಲದ ಬದುವಿನಲ್ಲಿ ನಿಂತ ವಿದ್ಯುತ್ ಕಂಬವೂ ಸದಸ್ಯರದೇ ಎಂದರೆ ನಮ್ಮಲ್ಲಿ ಎಷ್ಟು ಜನ ನಂಬಿಯಾರು? ಈ ನಾಡಿನ ಸಹಕಾರ ಚಳವಳಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಕಣ್ತೆರೆಯಿತೆಂದು ನಮ್ಮ ಸಪ್ತಾಹದ ಭಾಷಣಗಳಲ್ಲಿ ವರ್ಷಾವರ್ಷ ಹೇಳುತ್ತೇವೆ. ಉತ್ತರದ ಬಯಲಿನವರು ಅದನ್ನು ಎಲ್ಲಿಯವರೆಗೆ ಒಯ್ದಿದ್ದಾರೆಂಬುದನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಿದರೆ ಭಾಷಣಕ್ಕೂ ತೂಕ ಬಂದೀತು.

ಇನ್ನು ನಮ್ಮ ವಿಚಾರಕ್ಕೆ ಬರೋಣ. ಬಳಗಕ್ಕೆ ಸೇರಿ ನಡೆದು ಬಂದ ಮೇಲೆ ಒಂದು ಋಣ ಹುಟ್ಟುತ್ತದೆ. ಅವರು ನಮ್ಮನ್ನು ತಮ್ಮ ಹೊಲದಲ್ಲಿ ಬಿಟ್ಟುಕೊಂಡರು. ನಾಳೆ ಅವರು ಮಲೆನಾಡಿಗೆ ಬಂದರೆ ನಾವು ಎಲ್ಲಿ ನಡೆಸಬೇಕು? ನಮ್ಮ ಗ್ರಾಮ ನಕ್ಷೆಯನ್ನು ಬಿಡಿಸಿ ನೋಡಿ. ಕಾಲುದಾರಿ, ಬಂಡಿ ದಾರಿಗಳನ್ನು ಅದರಲ್ಲಿ ಚುಕ್ಕೆ ಗೆರೆಗಳಲ್ಲಿ ಗುರುತಿಸಿದ್ದಾರೆ. ಶಾಲೆಗೆ, ಗುಡಿಗೆ, ಸಂತೆಗೆ ನಮ್ಮ ಹಿರಿಯರು ಓಡಾಡಿದ ದಾರಿಗಳು ಅವು. ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ, ಬೇಲಿಗೆ ತಡಮೆ ಇಲ್ಲವೆ ಉಣಗೋಲು ಇರುತ್ತಿದ್ದವು. ತಡಮೆ ಎಂಥ ಜಾಣ ಏರ್ಪಾಡು! ದನವನ್ನು ತಡೆಯುತ್ತದೆ, ಮನುಷ್ಯನನ್ನು ಬಿಡುತ್ತದೆ. ಈಗಿನ ತಂತಿಬೇಲಿಗೂ ಬೀಗ ಹಾಕಿದ ಕಬ್ಬಿಣದ ಗೇಟಿಗೂ ಆ ವಿವೇಕವಿಲ್ಲ. ಮನೆಬಾಗಿಲಿಗೆ ರಸ್ತೆ ಬಂದಮೇಲೆ ಕಾಲುದಾರಿ ಯಾರಿಗೂ ಬೇಡವಾಯಿತು. ನಡೆಯುವವರಿಲ್ಲದ ದಾರಿಯನ್ನು ಲಂಟಾನ ನುಂಗುತ್ತದೆ, ಇಲ್ಲವೆ ಪಕ್ಕದ ತೋಟ ನುಂಗುತ್ತದೆ. ಆಮೇಲೆ ಒಂದು ದಿನ ಹಿಂದಿನ ಮನೆಯವರಿಗೆ ಹೆಣ ಸಾಗಿಸಲು ದಾರಿ ಬೇಕಾಗಿ ಜಗಳ ತಹಶೀಲ್ದಾರರ ಕಛೇರಿ ಹತ್ತುತ್ತದೆ. ವರ್ಷಕ್ಕೆ ಎರಡು ಸಲ ಇಪ್ಪತ್ತು ಜನ ನಡೆದರೂ ಸಾಕು, ದಾರಿ ದಾರಿಯಾಗಿ ಉಳಿಯುತ್ತದೆ.

ಇಂಗ್ಲೆಂಡಿನ ಜನ ಇದನ್ನು ಜಗಳವಾಡಿಯೇ ಕಲಿತರು. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಗಿರಣಿ ಊರುಗಳ ಯುವಕರು ಜಮೀನ್ದಾರರ ನಿಷೇಧ ಮೀರಿ ಹತ್ತಿದರು. ಕೆಲವರು ಜೈಲಿಗೂ ಹೋದರು. 1949ರಲ್ಲಿ ಅಲ್ಲಿ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಿ ಕಾಪಾಡುವ ಶಾಸನ ಬಂತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾದ ಪ್ರಸಂಗ ಬಾರದಿರಲಿ. ತೋಟದವರೇ ಬಳಗದ ಸದಸ್ಯರಾದರೆ, ನಡೆಯುವವನೂ ನಾವೇ, ದಾರಿ ಬಿಡುವವನೂ ನಾವೇ.

ಸದಸ್ಯರ ಆತಂಕಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮೆಣಸು, ಏಲಕ್ಕಿ ಕಳುವಾಗುವ ಕಾಲವಿದು. ಪ್ರವಾಸಿಗಳು ಎಸೆದು ಹೋದ ಬಾಟಲಿ, ಪ್ಲಾಸ್ಟಿಕ್ಕುಗಳನ್ನು ನಾವೆಲ್ಲ ಹೆಕ್ಕಿದ್ದೇವೆ. ಆನೆ ಓಡಾಡುವ ಕಡೆ ಹೊರಗಿನವರನ್ನು ಬಿಟ್ಟುಕೊಳ್ಳುವುದು ಸಣ್ಣ ಜವಾಬ್ದಾರಿಯಲ್ಲ. ಆದರೆ ಬಳಗ ಬೇರೆ, ಗುಂಪು ಬೇರೆ. ಬಳಗಕ್ಕೆ ಹೆಸರುಪಟ್ಟಿ ಇದೆ, ಮುಂದಾಳು ಇದ್ದಾನೆ, ಕೇಳಿ ಒಳಗೆ ಬರುವ ಪದ್ಧತಿ ಇದೆ. ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಗುರುತಿಲ್ಲದವರು ಕದ್ದು ನುಗ್ಗುವುದಕ್ಕಿಂತ ಗುರುತಿನವರು ಕರೆದು ಬರುವುದು ತೋಟಕ್ಕೂ ಕ್ಷೇಮ.

ಹೀಗಾಗಿ ನಮ್ಮ ಸಲಹೆಗಳು ಇಷ್ಟು. ಮೊದಲನೆಯದಾಗಿ, ಇದಕ್ಕೆಂದು ಹೊಸ ಸಂಘ ಕಟ್ಟುವುದು ಬೇಡ. ಇರುವ ಸಂಘಗಳ ಕೋರಂ ತುಂಬಿಸುವುದೇ ನಮಗೆ ಸಾಕಾಗಿದೆ. ಹತ್ತಿರದ ಪಟ್ಟಣದಲ್ಲಿ ಬಳಗವಿದ್ದರೆ ಅದಕ್ಕೇ ಸೇರೋಣ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಘಟಕಗಳೂ ರಾಜ್ಯದ ಹಲವು ಊರುಗಳಲ್ಲಿವೆ. ಎರಡನೆಯದಾಗಿ, ವಂತಿಗೆಯನ್ನು ಸದಸ್ಯರೇ ಕೊಡಲಿ. ಸಂಘ ಬಸ್ಸು ಮಾಡಿ, ಊಟ ಹಾಕಿ ಕರೆದೊಯ್ದರೆ ಅದು ಪ್ರವಾಸವಾಗುತ್ತದೆ, ನಡಿಗೆಯಾಗುವುದಿಲ್ಲ. ಮೂರನೆಯದಾಗಿ, ಎರಡನೆಯ ಸಲದ ಬೋರ್ಡೋ ಸಿಂಪಡಣೆ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುಂಚಿನ ದಿನಗಳು ನಮಗೆ ಬಿಡುವಿನವು. ಗೋಕಾಕದ ಅಬ್ಬಿ ತುಂಬಿ ಬೀಳುವುದೂ ಆಗಲೇ. ಹರಿವು ಜೋರಿದ್ದಾಗ ತೂಗುಸೇತುವೆಗೆ ಬಿಡುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ನಾಲ್ಕನೆಯದಾಗಿ, ಹೆಣ್ಣುಮಕ್ಕಳೂ ಮನೆಯ ಹುಡುಗರೂ ಬರಲಿ. ಪೇಟೆಯಲ್ಲಿ ಕೆಲಸಕ್ಕಿರುವ ಮಕ್ಕಳನ್ನು ತೋಟ ನೋಡಲು ಬಾ ಎಂದರೆ ಬರುವುದಿಲ್ಲ. ಬಳಗದ ನಡಿಗೆಯಿದೆ ಎಂದರೆ ಬಂದಾರು.

ಐದನೆಯದು ಮುಖ್ಯವಾದುದು. ಪ್ರತಿ ಗ್ರಾಮದಲ್ಲಿ ಒಂದಾದರೂ ಹಳೆಯ ಕಾಲುದಾರಿಯನ್ನು ಸದಸ್ಯರು ಕೂಡಿ ಗುರುತಿಸಿ, ಸವರಿ, ಬೇಲಿ ಅಡ್ಡವಿದ್ದ ಕಡೆ ತಡಮೆ ಇಡಬೇಕು. ಕೊಯ್ಲಿನ ಕಾಲ ಬಿಟ್ಟು, ಇಪ್ಪತ್ತೈದಕ್ಕೆ ಮೀರದ ತಂಡಕ್ಕೆ, ಮೊದಲೇ ತಿಳಿಸಿ ಬರುವ ಷರತ್ತಿನ ಮೇಲೆ ದಾರಿ ಬಿಡಬೇಕು. ಮುಂದಿನ ಮಳೆಗಾಲ ಕಳೆಯುತ್ತಲೇ ಗೋಕಾಕ ಸೀಮೆಯ ಬಳಗವನ್ನು ನಮ್ಮಲ್ಲಿಗೆ ಕರೆಯಬೇಕೆಂದಿದ್ದೇವೆ. ಘಟ್ಟದ ಮಳೆ ಹೇಗಿರುತ್ತದೆಂದು ಅವರೂ ನೋಡಲಿ. ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ನಾವೇ ಒದಗಿಸೋಣ.

ಈ ವಿಷಯ ಮುಂದಿನ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿದೆ. ಒಪ್ಪುವವರು, ಒಪ್ಪದವರು ಇಬ್ಬರೂ ತಪ್ಪದೆ ಬರಬೇಕು. ತಮ್ಮ ತೋಟದ ಯಾವ ಮಗ್ಗುಲಲ್ಲಿ ಹಳೆಯ ದಾರಿ ಹಾದಿತ್ತೆಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದು ತಂದರೆ ಚರ್ಚೆಗೆ ಅನುಕೂಲ. ಹಾಗೆ ಕೇಳಬಹುದಾದ ಹಿರಿಯರು ಪ್ರತಿ ಮನೆಯಲ್ಲೂ ಈಗ ಒಬ್ಬಿಬ್ಬರು ಮಾತ್ರ ಉಳಿದಿದ್ದಾರೆ.

— ಕಾರ್ಯದರ್ಶಿ