ಸುಲೋಚನೆಯನ್ನು ಕಳೆದುಕೊಂಡವರು ಇನ್ನೆಷ್ಟು ಕಳೆದುಕೊಳ್ಳಬೇಕು?



ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರವನ್ನು ಇವತ್ತು ನೋಡಬೇಕೆಂದರೆ ಸಾಧ್ಯವಿಲ್ಲ. ಅದರ ಒಂದೇ ಒಂದು ಪ್ರತಿಯೂ ಸಿಕ್ಕಿಲ್ಲ. ಚೊಚ್ಚಲ ಕೂಸನ್ನೇ ಕಳೆದುಕೊಂಡ ಚಿತ್ರರಂಗ ನಮ್ಮದು!

ಅಂದಿನವರಿಗೆ ಕಾಪಾಡುವ ಅನುಕೂಲವಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳೋಣ. ಇಂದಿನ ನಮಗೆ ಯಾವ ನೆಪವಿದೆ?

ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಹಳೆಯ ವಿ.ಸಿ.ಡಿ., ಡಿ.ವಿ.ಡಿ.ಗಳ ಒಂದು ಡಬ್ಬ ಸಿಕ್ಕೀತು. ಒಂದೊಂದು ಚಿತ್ರಕ್ಕೆ ಎರಡು ಮೂರು ಸಿ.ಡಿ. ಹಾಕಿ ಬದಲಾಯಿಸುತ್ತಾ ಮನೆಮಂದಿಯೆಲ್ಲ ಕೂತು ನೋಡಿದ ಚಿತ್ರಗಳು. ಈಗ ಅವು ಗುಜರಿಯ ಪಾಲಾಗುತ್ತಿವೆ. ಕೇಳಿದರೆ, “ಎಲ್ಲಾ ಮೊಬೈಲಿನಲ್ಲೇ ಬರುತ್ತಲ್ಲಾ ಸ್ವಾಮಿ” ಎನ್ನುತ್ತಾರೆ.

ಬರುತ್ತದೆಯೇ? ಬಂದದ್ದು ಉಳಿಯುತ್ತದೆಯೇ?

ತಿಂಗಳ ಚಂದಾ ಕಟ್ಟಿ ನೋಡುವ ಚಿತ್ರ ನಿಮ್ಮದಲ್ಲ. ಕಂಪನಿಯ ಹಕ್ಕಿನ ಅವಧಿ ಮುಗಿದ ದಿನ ಅದು ಹೇಳದೆ ಕೇಳದೆ ಮಾಯವಾಗುತ್ತದೆ. ಹಣ ಕೊಟ್ಟು ‘ಖರೀದಿ’ ಮಾಡಿದರೂ ಅಷ್ಟೇ, ಸಿಗುವುದು ನೋಡುವ ಪರವಾನಗಿ ಮಾತ್ರ. ಈ ಮೋಸ ಎಷ್ಟು ಬೆಳೆಯಿತೆಂದರೆ, ಮಾರುವುದು ಪರವಾನಗಿಯನ್ನಷ್ಟೇ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಕಾನೂನನ್ನೇ ಜಾರಿಗೆ ತಂದಿತು. ಯೂಟ್ಯೂಬಿನಲ್ಲಿ ಇದೆಯಲ್ಲ ಎನ್ನುವಿರಾ? ಅಲ್ಲಿ ಹಾಡು ಕತ್ತರಿಸಿದ, ತಲೆ ಕಾಲು ಸವರಿದ, ಮೂಲೆಗೊಂದು ಮುದ್ರೆ ಒತ್ತಿದ ಪ್ರತಿಗಳೇ ಹೆಚ್ಚು. ಹಾಕಿದವರು ಯಾವತ್ತಾದರೂ ತೆಗೆಯಬಹುದು.

ಅದರಲ್ಲೂ ಈ ಪರಭಾಷಾ, ಪರದೇಶಿ ಕಂಪನಿಗಳ ಪಂಕ್ತಿಯಲ್ಲಿ ಕನ್ನಡಕ್ಕೆ ಯಾವ ಎಲೆ? ರಕ್ಷಿತ್ ಶೆಟ್ಟಿಯಂಥ ಹೆಸರಾಂತ ನಟರ ತಂಡವೇ ‘ಏಕಂ’ ಸರಣಿಗೆ ಕೊಳ್ಳುವವರು ಸಿಗದೆ 2024ರಲ್ಲಿ ಸ್ವಂತ ತಾಣ ಕಟ್ಟಿಕೊಂಡು ತೋರಿಸಬೇಕಾಯಿತು. ಹೊಸದಕ್ಕೇ ಈ ಗತಿಯಾದರೆ, ಮರೆತುಹೋದ ಕಪ್ಪುಬಿಳುಪು ಚಿತ್ರವನ್ನು ಕಾಪಾಡುವ ಹೊಣೆಯನ್ನು ಅವರು ಹೊರುತ್ತಾರೆಂದು ನಂಬುವುದು ಮೂರ್ಖತನ.

ಹಾಗೆಂದು ಡಿ.ವಿ.ಡಿ. ಅಮರವೆಂದು ನಾವು ಹೇಳುತ್ತಿಲ್ಲ. ಅದರೊಳಗೆ ಬೆಳಕನ್ನು ಪ್ರತಿಫಲಿಸುವ ತೆಳುವಾದ ಅಲ್ಯೂಮಿನಿಯಂ ಪದರವಿದೆ. ಗಾಳಿ, ತೇವ ನುಸುಳಿದರೆ ಅದು ಕೆಡುತ್ತದೆ, ಚಿತ್ರ ಅರ್ಧಕ್ಕೆ ನಿಲ್ಲುತ್ತದೆ. ಸಿ.ಡಿ.ಯಲ್ಲಂತೂ ಆ ಪದರ ಹೆಸರು ಮುದ್ರಿಸಿದ ಮೇಲ್ಮೈಯ ಕೆಳಗೇ ಇರುತ್ತದೆ. ಅಲ್ಲಿ ಗೀರು ಬಿದ್ದರೆ ಮುಗಿಯಿತು. ಮನೆಯಲ್ಲೇ ರೈಟ್ ಮಾಡಿದ ಸಿ.ಡಿ.ಗಳ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ. ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸಂಸ್ಥೆಯೇ, 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿ.ವಿ.ಡಿ.ಗಳು ಕೆಡುತ್ತಿವೆ ಎಂದು 2025ರಲ್ಲಿ ಒಪ್ಪಿಕೊಂಡು ಬದಲಿ ಕೊಡಲು ಮುಂದಾಯಿತು. ನಮ್ಮಲ್ಲಿ ಬದಲಿ ಕೊಡುವವರು ಯಾರು? ಕನ್ನಡ ವಿ.ಸಿ.ಡಿ. ಮಾರುತ್ತಿದ್ದ ಎಷ್ಟೋ ಅಂಗಡಿಗಳ ಬಾಗಿಲೇ ಮುಚ್ಚಿದೆ.

ಆದ್ದರಿಂದ ನಮ್ಮ ಮಾತು ಇಷ್ಟೇ: ಸಿ.ಡಿ.ಯನ್ನೂ ಉಳಿಸಿ, ಅದರ ಪ್ರತಿಯನ್ನೂ ಮಾಡಿ. ಒಂದನ್ನು ನಂಬಿ ಇನ್ನೊಂದನ್ನು ಎಸೆಯಬೇಡಿ. ಹಾರ್ಡ್ ಡಿಸ್ಕೂ ಒಂದು ದಿನ ಕೈಕೊಡುತ್ತದೆ. ಎರಡು ಕಡೆ, ಎರಡು ಊರಿನಲ್ಲಿ ಇದ್ದದ್ದು ಮಾತ್ರ ಉಳಿಯುತ್ತದೆ.

ಇನ್ನು ಮೂಲ ರೀಲಿನ ಮಾತು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇಟಲಿಯಲ್ಲಿ ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದು ಸಾಧ್ಯವಾದದ್ದು ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ. ಹಾಗೆಂದು ಎಲ್ಲವನ್ನೂ ಪುಣೆಗೆ ಒಪ್ಪಿಸಿ ಮಲಗಬಹುದೇ? 2003ರಲ್ಲಿ ಅದೇ ಪುಣೆಯ ದಾಸ್ತಾನಿಗೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಚಿತ್ರಗಳ ರಾಶಿ ಬೂದಿಯಾಯಿತು. ನೆಗೆಟಿವ್ ಕಳೆದುಹೋದ ಚಿತ್ರಕ್ಕೆ ನಿಮ್ಮ ಅಟ್ಟದ ಮಸುಕು ವಿ.ಸಿ.ಡಿ.ಯೇ ಕೊನೆಯ ಸಾಕ್ಷಿಯಾಗಬಹುದು. ಸುಲೋಚನೆಗೆ ಅಂಥದೊಂದು ಮಸುಕು ಪ್ರತಿಯಾದರೂ ಇದ್ದಿದ್ದರೆ!

ಕನ್ನಡ ಚಿತ್ರಗಳ ಭಂಡಾರವನ್ನು ಡಿಜಿಟಲ್ ಮತ್ತು ಡಿಜಿಟಲೇತರ ರೂಪದಲ್ಲಿ ಕಟ್ಟಲು 3 ಕೋಟಿ ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಘೋಷಿಸಿತು. ಸ್ವಾಗತ. ಆದರೆ ಘೋಷಣೆಗೆ ಚಪ್ಪಾಳೆ ತಟ್ಟಿ ಸುಮ್ಮನಾಗುವ ಜನ ನಾವಲ್ಲ. ಹಣ ಎಲ್ಲಿ, ಕಟ್ಟಡ ಎಲ್ಲಿ, ಚಿತ್ರಗಳ ಪಟ್ಟಿ ಎಲ್ಲಿ ಎಂದು ಕೇಳಿಯೇ ಕೇಳುತ್ತೇವೆ.

ನಮ್ಮ ಒತ್ತಾಯಗಳು ಇವು:

1. ಸಹಾಯಧನ ಪಡೆಯುವ ಪ್ರತಿ ಕನ್ನಡ ಚಿತ್ರದ ಪೂರ್ಣ ಗುಣಮಟ್ಟದ ಪ್ರತಿ ಕಡ್ಡಾಯವಾಗಿ ಈ ಭಂಡಾರ ಸೇರಬೇಕು. ಜನರ ತೆರಿಗೆ ಹಣ ತಿಂದ ಚಿತ್ರ ಜನರಿಗೆ ಉಳಿಯಬೇಕು.

2. ಬಿಡುಗಡೆಯಾಗಿ 60 ವರ್ಷ ಕಳೆದ ಚಿತ್ರಗಳ ಕೃತಿಸ್ವಾಮ್ಯ ಕಾನೂನಿನಂತೆ ಮುಗಿಯುತ್ತದೆ. ‘ಬೇಡರ ಕಣ್ಣಪ್ಪ’ (1954) ಕಾಲದ ಚಿತ್ರಗಳಿಗೆ ಹಕ್ಕಿನ ತಕರಾರು ಹೇಳುವಂತಿಲ್ಲ. ಅವುಗಳಿಂದಲೇ ಕೆಲಸ ಶುರುವಾಗಲಿ.

3. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಜನರಿಂದ ಹಳೆಯ ಸಿ.ಡಿ., ಕ್ಯಾಸೆಟ್ ಸ್ವೀಕರಿಸುವ ಒಂದು ಕೌಂಟರ್ ತೆರೆಯಲಿ. ಓಡಿಸಿ ನೋಡುವ ಯಂತ್ರಗಳನ್ನೂ ಈಗಲೇ ಕೊಂಡಿಡಲಿ. ನಾಳೆ ಅವೂ ಸಿಗಲಾರವು.

ಸರ್ಕಾರ ಏಳುವ ತನಕ ನಾವು ಕೈಕಟ್ಟಿ ಕೂರುವುದು ಬೇಡ. ಸಿ.ಡಿ.ಗಳನ್ನು ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತೇವ ತಾಗದ ಕಡೆ ಇಡಿ. ಅಂಚು ಹಿಡಿದು ತೆಗೆಯಿರಿ, ಮೇಲೆ ಪೆನ್ನಿನಲ್ಲಿ ಗೀಚಬೇಡಿ. ಯಾವ ಚಿತ್ರ, ಯಾವ ಕಂಪನಿಯದು ಎಂದು ಪಟ್ಟಿ ಬರೆಯಿರಿ. ನಮ್ಮ ಶಾಖೆಗಳ ಕಾರ್ಯಕರ್ತರು ಊರೂರಿನಲ್ಲಿ ಈ ಪಟ್ಟಿ ಕೂಡಿಸಲಿ. ಆದರೆ ಇದು ಉಳಿಸುವ ಕೆಲಸ, ಕದ್ದು ಮಾರುವ ದಂಧೆಯಲ್ಲ ಎಂಬ ಎಚ್ಚರವಿರಲಿ. ನಿರ್ಮಾಪಕನ ಹೊಟ್ಟೆಯ ಮೇಲೆ ಹೊಡೆದು ಕನ್ನಡ ಉಳಿಯುವುದಿಲ್ಲ.

ಗುಜರಿಯವನು ಬಾಗಿಲಿಗೆ ಬಂದಾಗ ಪೇಪರು ಕೊಡಿ, ಬಾಟಲಿ ಕೊಡಿ. ಆ ಡಬ್ಬ ಮಾತ್ರ ಕೊಡಬೇಡಿ.

ಜೈ ಕನ್ನಡಾಂಬೆ!